ಶೆಟ್ಟರ ತಕ್ಕಡಿ, ಅಮ್ಮನ ಬೆಲ್ಲ

ಒಂದು ಮಾತು ಕೇಳುತ್ತೇನೆ, ನಗಬೇಡಿ. ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ನೀವು ಯಾವತ್ತಾದರೂ ನಿಂತಿದ್ದೀರಾ? ಬೀದಿಗೆ ಮುಖ ಮಾಡಿರುವ ದಿನಸಿ ಅಂಗಡಿಯಲ್ಲಿ, ಹಾಲಿನ ಪ್ಯಾಕೆಟ್ಟಿಗೆ ಬಂದ ನಾಲ್ಕು ಜನರ ಮುಂದೆ, ಚಪ್ಪಲಿ ಬಿಟ್ಟು? ನಾನು ನಿಂತಿದ್ದೇನೆ. ಒಂದು ಸಲ ಅಲ್ಲ. ತಿಂಗಳುಗಟ್ಟಲೆ, ಪ್ರತಿ ಶುಕ್ರವಾರ.

ಈ ಪೇಜಿನಲ್ಲಿ ನಾನು ಏನೇನೋ ಬರೆದಿದ್ದೇನೆ. ಇದನ್ನು ಮಾತ್ರ ಬರೆದಿರಲಿಲ್ಲ. ಕಳೆದ ವಾರ ಮಾರೇನಹಳ್ಳಿಯಲ್ಲಿ ಆ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಟೆಂಪೋದಿಂದ ಬೆಲ್ಲ ಇಳಿಸುತ್ತಿದ್ದರು. ಒದ್ದೆ ಗೋಣಿಚೀಲ, ಒಳಗೆ ಹೊಸ ಬೆಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸ್ಕೂಟರ್ ಪಕ್ಕಕ್ಕೆ ಹಾಕಿ ನಿಂತುಬಿಟ್ಟೆ. ಹಿಂದಿನ ಆಟೋದವನು ಬೈದುಕೊಂಡು ಹೋದ. ಬೈಯಲಿ. ನಾನು ಅಷ್ಟು ಹೊತ್ತಿಗೆ ನಾಲ್ಕು ವರ್ಷ ಹಿಂದಕ್ಕೆ ಹೋಗಿದ್ದೆ.

ಆಗ ನನಗೆ ನಲವತ್ತೇಳು. ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ವಿಜಯನಗರದ ಬಾಡಿಗೆ ಮನೆಯಲ್ಲಿ ನಾನು, ನಮ್ಮ ಮನೆಯವರು, ಅಮ್ಮ, ಮೂರೇ ಜನ. ಎರಡು ಮಹಡಿ ಹತ್ತಿದರೆ ಏದುಸಿರು. ರಾತ್ರಿ ಗೊರಕೆಯ ನಡುವೆ ಉಸಿರೇ ನಿಂತು ಹೋಗುತ್ತದೆ ಅಂತ ನಮ್ಮ ಮನೆಯವರು ಎದ್ದು ಕೂತು ನನ್ನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದರು. ಮಂಡಿಗಳ ಕಥೆ ಬೇಡ. ವಾಕಿಂಗು, ಬಿಸಿನೀರು, ಜೀರಿಗೆ ಕಷಾಯ, ಯಾರೋ ಹೇಳಿದ ಪುಡಿ, ಇನ್ಯಾರೋ ಹೇಳಿದ ಉಪವಾಸ, ಎಲ್ಲ ಮಾಡಿ ಮುಗಿದಿತ್ತು. ಕೊನೆಗೆ ಡಾಕ್ಟರು ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುವ ಆಪರೇಷನ್ ಹೇಳಿದರು. ಅಲ್ಲಿಗೆ ಹೋಗುವ ಮೊದಲು ನನ್ನ ನಿಜವಾದ ತೂಕ ಎಷ್ಟು ಅಂತ ನನಗೇ ಗೊತ್ತಾಗಬೇಕಿತ್ತು. ಆಸ್ಪತ್ರೆಯಲ್ಲಿ ಯಾರೋ ನರ್ಸಿನ ಬಾಯಿಂದ ಮೊದಲ ಸಲ ಕೇಳುವುದು ಬೇಡವಾಗಿತ್ತು. ಆದರೆ ಮನೆಯಲ್ಲಿದ್ದ ಗಾಜಿನ ತಕ್ಕಡಿ ನಾನು ಹತ್ತಿದರೆ ಅಂಕಿಯ ಬದಲು ಎರರ್ ಅಂತ ತೋರಿಸಲು ಶುರುಮಾಡಿ ಆರು ತಿಂಗಳಾಗಿತ್ತು.

ಹಾಗಾಗಿ ಶೆಟ್ಟರ ಅಂಗಡಿ. ಅಮ್ಮನ ಜೊತೆ ತೊಗರಿಬೇಳೆ ತರುವ ನೆಪದಲ್ಲಿ ಹೋದೆ. ಮೂಟೆ ತೂಗುವ ಕಬ್ಬಿಣದ ತಕ್ಕಡಿ ಬಾಗಿಲ ಪಕ್ಕದಲ್ಲೇ ಇತ್ತು. ಕೆಂಪು ಅಂಕಿ ಹೊಳೆಯುವ ಪೆಟ್ಟಿಗೆ ನೇರವಾಗಿ ಬೀದಿಗೆ ಮುಖ ಮಾಡಿತ್ತು.

"ಶೆಟ್ರೇ, ಅದನ್ನ ಸ್ವಲ್ಪ ಗೋಡೆ ಕಡೆ ತಿರುಗಿಸಿ."

"ಯಾಕಮ್ಮ?"

"ತಿರುಗಿಸಿ ಅಂದ್ನಲ್ಲ."

ತಿರುಗಿಸಿದರು. ನಾನು ಹತ್ತಿದೆ. ಆದರೆ ಮೂವತ್ತು ವರ್ಷ ಮೂಟೆ ತೂಗಿದ ಬಾಯಿ ಸುಮ್ಮನಿರುತ್ತದಾ? ಒಳಗೆ ಚೀಟಿ ಬರೆಯುತ್ತಿದ್ದ ಹೆಂಡತಿಗೆ ಕೇಳಲಿ ಅಂತ ಶೆಟ್ಟರು ಎಂದಿನ ಹಾಗೆ ಕೂಗಿಬಿಟ್ಟರು. "ನೂರಾ ಹದಿನೆಂಟೂ ಇನ್ನೂರು!"

ಹಾಲಿಗೆ ಬಂದಿದ್ದ ಆಂಟಿ ತಿರುಗಿ ನೋಡಿದರು. ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು. ಶೆಟ್ಟರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅಭ್ಯಾಸ ಬಲ ಅಮ್ಮ, ತಪ್ ತಿಳ್ಕೋಬೇಡಿ."

ನನಗೆ ಭೂಮಿ ಬಾಯಿಬಿಡಲಿ ಅನ್ನಿಸಿತು. ಅಮ್ಮ ಮಾತ್ರ ಬೇಳೆಯ ಚೀಲ ಎತ್ತಿಕೊಂಡು, "ನೂರಾ ಹದಿನೆಂಟು ಇನ್ನೂರಾ?" ಅಂತ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಆ ಅಂಕಿ ಅವಳ ತಲೆಯಲ್ಲಿ ಅವತ್ತೇ ಅಚ್ಚಾಯಿತು.

ಆಪರೇಷನ್ ಆದದ್ದು ಸಂಕ್ರಾಂತಿ ಕಳೆದ ಮೇಲೆ. ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. "ದೇವ್ರು ಕೊಟ್ಟ ಹೊಟ್ಟೇನ ಕುಯ್ಸ್ಕೊಳಕ್ಕೆ ಹೋಗ್ತೀಯಲ್ಲೇ ಮಂಜು, ನಿಂಗೆ ಬುದ್ಧಿ ಐತಾ? ತಿನ್ನೋದು ಕಮ್ಮಿ ಮಾಡು ಅಂದ್ರೆ ಹೊಟ್ಟೇನೇ ಕಮ್ಮಿ ಮಾಡ್ಸ್ತೀನಿ ಅಂತೀಯ." ಆದರೂ ಆಸ್ಪತ್ರೆಗೆ ಬಂದಳು. ಅಲ್ಲಿ ನನ್ನನ್ನು ತೂಗಿದ ಮೇಲೆ ತಾನೂ ಒಮ್ಮೆ ಹತ್ತಿ ನೋಡಿದಳು. ಐವತ್ತೆರಡು. "ನೋಡೇ, ನನ್ನಂಥೋರು ಇಬ್ರು ನಿನ್ನೊಳಗೆ ಆರಾಮಾಗಿ ವಾಸ ಮಾಡ್ಬೋದು" ಅಂದಳು. ನರ್ಸು ನಕ್ಕಳು. ನಾನೂ ನಕ್ಕೆ. ಹೆದರಿಕೆ ಆದಾಗ ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಮಾತಾಡುವುದು.

ಅವಳಿಗೆ ಎಷ್ಟು ಹೆದರಿಕೆಯಾಗಿತ್ತು ಅಂತ ಗೊತ್ತಾದದ್ದು ಮನೆಗೆ ವಾಪಸ್ ಬಂದ ಮೇಲೆ. ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು ಕಂಡಿತು.

"ಏನಮ್ಮಾ ಇದು?"

"ಹರಕೆ. ನನ್ ಮಗಳು ಕಣ್ಣು ಬಿಟ್ಟು ಅಮ್ಮಾ ಅಂದ್ರೆ ಅವಳ ತೂಕದ ಬೆಲ್ಲ ಕೊಡ್ತೀನಿ ಅಂತ ಕಟ್ಟಿದೀನಿ. ತುಲಾಭಾರ. ನೀನು ಚೇತರಿಸ್ಕೊಂಡ್ ತಕ್ಷಣ ಹೋಗಿ ಕೂತು ಬರೋಣ."

ತುಲಾಭಾರ ಗೊತ್ತಲ್ಲ? ದೇವಸ್ಥಾನದ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ನಾನು, ಇನ್ನೊಂದು ಕಡೆ ಬೆಲ್ಲ. ಊರ ಜನರೆಲ್ಲ ಕಣ್ಣರಳಿಸಿ ನೋಡುವುದು. ಅರ್ಚಕರು ಇನ್ನೂ ಹಾಕಿ, ಇನ್ನೂ ಹಾಕಿ ಅನ್ನುವುದು. ಹೊಟ್ಟೆಯ ಮೇಲಿನ ಹೊಲಿಗೆ ನೋಯುತ್ತಿದ್ದರೂ ಕಿರುಚಿದೆ. "ಶೆಟ್ರ ಅಂಗಡೀಲಿ ಮರ್ಯಾದೆ ಹೋಗಿದ್ದು ಸಾಲ್ದಾ? ಈಗ ದೇವಸ್ಥಾನದಲ್ಲೂ ಹರಾಜು ಹಾಕ್ತೀಯಾ? ನಾನ್ ಕೂರಲ್ಲ."

"ಹರಕೆ ಅದು ಕಣೇ. ಕೂರಲ್ಲ ಅಂದ್ರೆ ಆಗಲ್ಲ."

"ಹಂಗಾದ್ರೆ ಸಣ್ಣ ಆದ್ಮೇಲೆ ಕೂರ್ತೀನಿ. ಎಪ್ಪತ್ತೈದಕ್ಕೆ ಬರ್ಲಿ, ಕೂರ್ತೀನಿ."

"ಹರಕೆ ಹೊತ್ತಾಗ ನೂರಾ ಹದಿನೆಂಟಿದ್ದೆ" ಅಂದಳು. "ದೇವ್ರಿಗೆ ಲೆಕ್ಕ ಗೊತ್ತಿಲ್ಲ ಅಂದ್ಕೊಂಡಿದೀಯಾ?"

ಅಲ್ಲಿಂದ ತಿಂಗಳುಗಟ್ಟಲೆ ನಮ್ಮಿಬ್ಬರ ಜಗಳ ಇದೊಂದೇ. ಅವಳಿಗೆ ಹರಕೆ ತೀರಬೇಕು. ನನಗೆ ಎಪ್ಪತ್ತೈದು ಆಗಬೇಕು. ಅದಕ್ಕಿಂತ ಮೊದಲು ನಾಲ್ಕು ಜನರ ಮುಂದೆ ನನ್ನ ತೂಕ ತೂಗಿಸಿಕೊಳ್ಳುವುದಿಲ್ಲ ಅಂತ ನನ್ನ ಹಟ.

ಶುಕ್ರವಾರದ ಕಥೆಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು. "ಮೇಡಂ, ದಿನಾ ತೂಕ ನೋಡ್ಬೇಡಿ, ತಲೆ ಕೆಡತ್ತೆ. ವಾರಕ್ಕೊಂದ್ ಸಲ. ಒಂದೇ ತಕ್ಕಡಿ, ಒಂದೇ ಟೈಮು, ಒಂದೇ ಥರ ಬಟ್ಟೆ." ಅವಳು ಹೇಳಿದ್ದು ಒಂದು ಒಳ್ಳೆಯ ತಕ್ಕಡಿ ಕೊಂಡುಕೊಳ್ಳಿ ಅಂತ. ನಾನು ಅರ್ಥಮಾಡಿಕೊಂಡದ್ದು ಮೊದಲು ಎಲ್ಲಿ ತೂಗಿಸಿದೆನೋ ಅಲ್ಲೇ ಕೊನೆಯವರೆಗೂ ತೂಗಿಸಬೇಕು ಅಂತ. ತಕ್ಕಡಿ ಬದಲಾದರೆ ಲೆಕ್ಕ ಕೆಡುತ್ತದಲ್ಲ! ನೂರಾ ಹದಿನೆಂಟು ಇನ್ನೂರು ಅಂದದ್ದು ಶೆಟ್ಟರ ತಕ್ಕಡಿ. ಹಾಗಾಗಿ ಇಳಿದದ್ದನ್ನೂ ಅದೇ ಹೇಳಬೇಕು.

ಬೆಳಿಗ್ಗೆ ಆರೂಮುಕ್ಕಾಲಿಗೆ ಶೆಟ್ಟರು ಅರ್ಧ ಶಟರ್ ಎತ್ತುತ್ತಿದ್ದರು. ಜನ ಬರುವ ಮೊದಲು ನಾನು ಬಗ್ಗಿ ಒಳಗೆ ನುಗ್ಗುತ್ತಿದ್ದೆ. ಅದೇ ನೀಲಿ ಕಾಟನ್ ಚೂಡಿದಾರ. ಕೈಬಳೆ, ವಾಚು, ಕಿವಿಯೋಲೆ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು. ಒಂದು ಶುಕ್ರವಾರ ಕಾಲುಂಗುರ ಬಿಚ್ಚಲು ಕೂತಾಗ ಅಮ್ಮ ಕೆಂಡವಾದಳು. "ಗಂಡ ಕಣ್ಮುಂದೆ ಕೂತು ಕಾಫಿ ಕುಡೀತಾ ಇದಾನೆ, ಕಾಲುಂಗುರ ಬಿಚ್ತೀಯಾ? ಎಷ್ಟ್ ಗ್ರಾಂ ಐತೆ ಅದು?"

"ಬಿಚ್ಲಿ ಬಿಡಿ ಅತ್ತೆ" ಅಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ. "ತಾಳಿ ಬಿಚ್ಚೋ ಮುಂಚೆ ನಂಗೊಂದ್ ಮಾತು ಹೇಳಿದ್ರೆ ಸಾಕು."

ಮೊದಲ ಎರಡು ವಾರ ಬರೀ ನೀರಿನಂಥ ಆಹಾರ. ಬೇಳೆ ಕಟ್ಟು, ಎಳನೀರು, ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು. ಆಮೇಲೆ ಮಗುವಿಗೆ ಉಣಿಸುವ ಹಾಗೆ ಮೆತ್ತಗೆ ಕಿವುಚಿದ ಅನ್ನ, ನಾಲ್ಕು ಚಮಚ. ಐದನೆಯದಕ್ಕೆ ಎದೆಯಲ್ಲಿ ಕಲ್ಲಿಟ್ಟ ಹಾಗಾಗುತ್ತಿತ್ತು. ಒಗ್ಗರಣೆ ಚಟಪಟ ಅಂದರೆ ಅಳು ಬರುತ್ತಿತ್ತು. ನಗಬೇಡಿ ಅಂದಿದ್ದೆ. ಮೂಲೆಯ ದರ್ಶಿನಿಯ ಮುಂದೆ ಹೋಗುವಾಗ ಉಸಿರು ಬಿಗಿಹಿಡಿದು ರಸ್ತೆ ದಾಟುತ್ತಿದ್ದೆ. ಸಿಹಿ ಅಂತೂ ಮುಟ್ಟುವ ಹಾಗಿರಲಿಲ್ಲ. ಯುಗಾದಿಗೆ ಬೇವು ಬೆಲ್ಲದಲ್ಲಿ ಅಮ್ಮ ನನಗೆ ಬೇವು ಮಾತ್ರ ಕೊಟ್ಟಳು. "ಈ ವರ್ಷ ನಿಂಗೆ ಇಷ್ಟೇ ಬರ್ದಿರೋದು" ಅಂತ ಬೇರೆ ಅಂದಳು.

ಆದರೆ ತೂಕ ಇಳಿಯುತ್ತಿತ್ತು! ಒಂದು ತಿಂಗಳಿಗೆ ನೂರಾ ಏಳು. ಏಪ್ರಿಲ್ ಮೊದಲ ಶುಕ್ರವಾರ ಶೆಟ್ಟರು ಪೆಟ್ಟಿಗೆ ನೋಡಿ, ಕಣ್ಣುಜ್ಜಿಕೊಂಡು, ಬೇಕಂತಲೇ ಕೂಗಿದರು. "ತೊಂಬತ್ತೊಂಬತ್ತೂ ನಾನೂರು! ಲೇ, ಕೇಳಿಸ್ತಾ, ಮೇಡಂ ನೂರರ ಒಳಗೆ!" ಒಳಗಿನಿಂದ ಅವರ ಹೆಂಡತಿ ಚಪ್ಪಾಳೆ ತಟ್ಟಿದರು. ಅವತ್ತು ನನಗೆ ನಾಚಿಕೆಯಾಗಲಿಲ್ಲ. ಶಟರ್ ಅಡಿಯಿಂದ ಬಗ್ಗಿ ಹೊರಗೆ ಬಂದರೆ ರಸ್ತೆಯ ತುಂಬ ಹೊಂಗೆ ಹೂ ಉದುರಿತ್ತು. ಅದರ ಮೇಲೆ ನಡೆದುಕೊಂಡು ಮನೆಗೆ ಬಂದೆ. ಮಂಡಿ ನೋಯಲಿಲ್ಲ ಅಂತ ನೆನಪಾದದ್ದು ಮೆಟ್ಟಿಲು ಹತ್ತಿ ಮುಗಿದ ಮೇಲೆ.

ಅಂಕಿಗಿಂತ ಸಣ್ಣ ಪುಟ್ಟ ಅಳತೆಗಳೇ ಈಗ ಹೆಚ್ಚು ನೆನಪಾಗುತ್ತವೆ. ನನ್ನ ಕಾಲಿನ ಉಗುರನ್ನು ನಾನೇ ಕತ್ತರಿಸಿಕೊಂಡ ದಿನ. ಬಸ್ಸಿನಲ್ಲಿ ಪಕ್ಕದವಳು ನನ್ನನ್ನು ನೋಡಿ ಕಿಟಕಿಗೆ ಒತ್ತಿಕೊಳ್ಳದೆ ಸುಮ್ಮನೆ ಕೂತಿದ್ದ ದಿನ. ಆಫೀಸಿನ ಪ್ಲಾಸ್ಟಿಕ್ ಕುರ್ಚಿ ನಾನು ಎದ್ದಾಗ ನನ್ನ ಜೊತೆ ಎದ್ದು ಬರದ ದಿನ. ಬರೀ ಒಳ್ಳೆಯದೇ ಬರೆಯಬಾರದು. ಕೂದಲು ಬಾಚಣಿಗೆ ತುಂಬ ಉದುರಿತು. ತೋಳಿನ ಚರ್ಮ ಖಾಲಿ ಚೀಲದ ಹಾಗೆ ಜೋತುಬಿತ್ತು. ಕಂಡವರೆಲ್ಲ "ಯಾಕ್ರೀ, ಹುಷಾರಿಲ್ವಾ?" ಅಂತ ಕೇಳಿದರು. ದಪ್ಪಗಿದ್ದಾಗ ಒಬ್ಬರೂ ಕೇಳಿರಲಿಲ್ಲ.

ಎದುರು ಮನೆಯ ಆಂಟಿ ಒಂದು ದಿನ ಗೇಟಿನಲ್ಲಿ ನಿಂತು ಕೇಳಿದರು. "ಏನ್ ಮಂಜುಳಾ, ಅಮ್ಮನೂ ನಿನ್ ಜೊತೆ ಡಯಟ್ ಮಾಡ್ತಿದಾರಾ? ಬಳೆ ಎಲ್ಲ ಮೊಣಕೈಗೆ ಹೋಗ್ತಿದೆ!"

"ಹೂಂ ಆಂಟಿ, ನಂಗೆ ಕಂಪನಿ ಕೊಡ್ತಿದಾರೆ" ಅಂದೆ. ಅಮ್ಮನೂ ನಕ್ಕಳು. ಸೆರಗು ಎಳೆದುಕೊಂಡು, ಬ್ಲೌಸಿನ ತೋಳಿಗೆ ಹಾಕಿದ್ದ ಪಿನ್ನನ್ನು ಮುಚ್ಚಿಕೊಂಡಳು. ಅದನ್ನು ನಾನು ನೋಡಿದೆ. ನೋಡಿದ್ದೆ ಅಂತ ನೆನಪಾದದ್ದು ಆಮೇಲೆ.

ಜೂನ್ ಬಂತು. ತಕ್ಕಡಿ ಎಂಬತ್ತಾರಕ್ಕೆ ಬಂದು ನಿಂತುಬಿಟ್ಟಿತು. ಒಂದು ವಾರ, ಎರಡು ವಾರ, ಐದು ವಾರ. ಅದೇ ನಾಲ್ಕು ಚಮಚ, ಅದೇ ವಾಕಿಂಗು, ಅಂಕಿ ಮಾತ್ರ ಕದಲಲೊಲ್ಲದು. ಒಂದು ಶುಕ್ರವಾರ ಆರುನೂರು ಗ್ರಾಂ ಏರಿಯೇಬಿಟ್ಟಿತು. ಆಸ್ಪತ್ರೆಯ ಹುಡುಗಿ ಫೋನಿನಲ್ಲಿ, "ಇದು ಎಲ್ಲರಿಗೂ ಆಗತ್ತೆ ಮೇಡಂ, ದೇಹ ಸ್ವಲ್ಪ ಸುಧಾರಿಸ್ಕೊಳತ್ತೆ, ಟೇಪ್ ಹಿಡಿದು ಸೊಂಟ ಅಳತೆ ಮಾಡಿ ನೋಡಿ" ಅಂದಳು. ನನಗೆ ಸೊಂಟ ಬೇಕಿರಲಿಲ್ಲ, ಎಪ್ಪತ್ತೈದು ಬೇಕಿತ್ತು. ಹೊರಗೆ ಒಂದೇ ಸಮ ಜಡಿಮಳೆ. ಒಣಗದ ಬಟ್ಟೆಗಳ ಮಧ್ಯೆ ಕೂತು ಅತ್ತೆ. ಹೊಟ್ಟೆ ಕುಯ್ಸಿಕೊಂಡದ್ದೂ ದಂಡವಾಯಿತು ಅಂತ.

ಅಮ್ಮ ಹೂಬತ್ತಿ ಹೊಸೆಯುತ್ತ ಕೂತಿದ್ದಳು. "ಹರಕೆ ಬಾಕಿ ಇಟ್ಕೊಂಡ್ರೆ ತಕ್ಕಡಿ ಅಲ್ಲಾಡತ್ತಾ?" ಅಂದಳು ಮೆಲ್ಲಗೆ.

"ನಿನ್ ಹರಕೆಗೂ ನನ್ ಹೊಟ್ಟೆಗೂ ಏನ್ ಸಂಬಂಧ?"

"ನನ್ ಹೊಟ್ಟೇಲೇ ಅಲ್ವೇನೇ ನೀನ್ ಹುಟ್ಟಿದ್ದು."



ಆಗಸ್ಟಿನಲ್ಲಿ ಇರುವೆ ಬಂದವು. ಕಪ್ಪು ಕಟ್ಟಿರುವೆ. ಅಡುಗೆಮನೆಯಿಂದ ಹೊರಟು, ಹಾಲ್ ದಾಟಿ, ಸಾಲುಗಟ್ಟಿ ಅಮ್ಮನ ರೂಮಿಗೆ ಹೋಗುತ್ತಿದ್ದವು. ನಾನು ಆಫೀಸಿಗೆ ರಜೆ ಹಾಕಿ ಮನೆ ಒರೆಸುತ್ತಿದ್ದೆ. ಅಮ್ಮನ ಮಂಚದ ಅಡಿಗೆ ಮಾಪು ಹಾಕಿದರೆ ನೆಲಕ್ಕೆ ಅಂಟಿಕೊಂಡಿತು. ಬಗ್ಗಿ ನೋಡಿದೆ. ಆಗ ನನಗೆ ಬಗ್ಗಲು ಬರುತ್ತಿತ್ತು, ಅದೇ ಒಂದು ಸಂಭ್ರಮ. ಮಂಚದ ಅಡಿಯಲ್ಲಿ ಎಣ್ಣೆಯ ಎರಡು ಹಳೇ ದೊಡ್ಡ ಡಬ್ಬ, ಪಕ್ಕದಲ್ಲಿ ಒಂದು ಗೋಣಿಚೀಲ. ಚೀಲದಿಂದ ಕಂದು ಬಣ್ಣದ ಪಾಕ ಸೋರಿ ಗೋಡೆಯವರೆಗೂ ಹರಿದಿತ್ತು. ಇಡೀ ರೂಮು ಬೆಲ್ಲದ ವಾಸನೆ.

ನನಗೆ ತಲೆ ಕೆಟ್ಟಿತು. ಅಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಮಾತ್ರೆ.

"ಅಮ್ಮಾ! ಬಾ ಇಲ್ಲಿ! ಏನಿದು? ಮಂಚದ ಕೆಳಗೆ ಬೆಲ್ಲ ಬಚ್ಚಿಟ್ಕೊಂಡು ತಿಂತಾ ಇದೀಯಾ? ಶುಗರ್ ಇರೋದು ಮರ್ತೋಯ್ತಾ? ನಾನಿಲ್ಲಿ ಸಿಹಿ ಮುಖ ನೋಡ್ದೆ ಸಾಯ್ತಾ ಇದ್ರೆ ನೀನು ಕದ್ದು ಮೂಟೆಗಟ್ಲೆ..."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೊಪ್ಪಿನ ಕಟ್ಟು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ತಿನ್ನಕ್ಕಲ್ಲ ಕಣೇ" ಅಂದಳು. "ಅದು ನೀನು."

"ಏನು?"

"ನೀನೇ ಕಣೇ ಅದು. ನಿನ್ ಮೈಯಿಂದ ಇಳ್ದಿದ್ದು. ನೀನ್ ಎರಡು ಕೆಜಿ ಇಳಿದ್ರೆ ನಾನ್ ಎರಡು ಕೆಜಿ ತಂದ್ ಇಟ್ಟೆ. ಹರಕೆ ಹೊತ್ತಾಗ ಎಷ್ಟಿದ್ಯೋ ಅಷ್ಟು ದೇವ್ರಿಗೆ ಸೇರ್ಬೇಕು ತಾನೆ? ನೀನ್ ಎಪ್ಪತ್ತೈದು ಆಗೋವರ್ಗೂ ಕೂರಲ್ಲ ಅಂದೆ. ಮಿಕ್ಕಿದ್ದು ಯಾರ್ ಕೊಡ್ತಾರೆ?"

ನಾನು ಮಾಪು ಹಿಡಿದುಕೊಂಡೇ ನೆಲದ ಮೇಲೆ ಕೂತೆ.

ಏಳು ತಿಂಗಳಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ವಾರವಾರದ ಅಂಕಿಗಳೆಲ್ಲ ಅದರಲ್ಲಿದ್ದವು. ಆದರೆ ಇಳಿದದ್ದು ಅಂದರೆ ಎಷ್ಟು, ಅದಕ್ಕೆ ಎಷ್ಟು ಜಾಗ ಬೇಕು, ಅದನ್ನು ಎತ್ತಲು ಎಷ್ಟು ಜನ ಬೇಕು ಅಂತ ನನಗೆ ಗೊತ್ತಿರಲಿಲ್ಲ. ಆ ಚೀಲವನ್ನು ಎಳೆಯಲು ನೋಡಿದೆ, ಕದಲಲಿಲ್ಲ. ಇಷ್ಟನ್ನು ಮೈಮೇಲೆ ಹೊತ್ತುಕೊಂಡು ನಾನು ಬಸ್ಸು ಹತ್ತುತ್ತಿದ್ದೆನಾ?

ಶೆಟ್ಟರೂ ಇದರಲ್ಲಿ ಶಾಮೀಲು. ಶುಕ್ರವಾರ ನಾನು ತೂಗಿಸಿಕೊಂಡು ಹೋಗುವುದು, ಶನಿವಾರ ಅಮ್ಮ ಕೈಚೀಲ ಹಿಡಿದು ಬಂದು, "ನಿನ್ನೆ ಎಷ್ಟಾಯ್ತು?" ಅಂತ ಕೇಳಿ ಅಷ್ಟೇ ಬೆಲ್ಲ ತೂಗಿಸಿಕೊಳ್ಳುವುದು. ಹೋಗಿ ಜಗಳ ಆಡಿದೆ. ಅವರು ನಕ್ಕರು. "ನಾನೇನ್ ಮಾಡ್ಲಮ್ಮ? ಅವ್ರ ಲೆಕ್ಕ ಬಹಳ ಕಟ್ಟುನಿಟ್ಟು. ಒಂದ್ ವಾರ ನೀವು ಆರ್ನೂರು ಗ್ರಾಂ ಜಾಸ್ತಿ ಆಗಿದ್ರಲ್ಲ, ಮಾರ್ನೇ ದಿನ ಆರ್ನೂರು ಗ್ರಾಂ ಬೆಲ್ಲ ವಾಪಸ್ ತಂದ್ಕೊಟ್ರು. ದೇವ್ರಿಗೂ ಮೋಸ ಆಗ್ಬಾರ್ದು, ನನ್ ಮಗಳಿಗೂ ಆಗ್ಬಾರ್ದು ಅಂತ."

ಆ ಶುಕ್ರವಾರ ತಕ್ಕಡಿ ಎಂಬತ್ತನಾಲ್ಕು ತೋರಿಸಿತು. ತಾನಾಗಿಯೇ ಇಳಿದಿತ್ತು. ಎಪ್ಪತ್ತೈದಕ್ಕೆ ಇನ್ನೂ ಒಂಬತ್ತು ಬಾಕಿ. ಮನೆಗೆ ಬಂದು, "ಅಮ್ಮಾ, ನಾಳೆ ಹೋಗೋಣ" ಅಂದೆ. ಅವಳು ಅವತ್ತೇ ಸಿದ್ಧತೆಗೆ ಇಳಿದಳು. ಸೋರಿಹೋದ ಬೆಲ್ಲವೆಷ್ಟು ಅಂತ ಶೆಟ್ಟರಲ್ಲಿ ತೂಗಿಸಿ ನೋಡಿ, ಒಂದೂವರೆ ಕೆಜಿ ಹೊಸದಾಗಿ ತಂದು ಸೇರಿಸಿದಳು. ನನ್ನ ಈಗಿನ ತೂಕದ ಎಂಬತ್ತನಾಲ್ಕು ಕೆಜಿ ಬೆಲ್ಲ ಬೇರೆಯಾಗಿ, ಶೆಟ್ಟರ ಅಂಗಡಿಯಿಂದ ಟೆಂಪೋದಲ್ಲಿ ನೇರ ಗುಡಿಗೆ ಹೋಯಿತು.

ಶ್ರಾವಣ ಶನಿವಾರ. ಸುಂಕದಕಟ್ಟೆಯ ಕಡೆ ಒಂದು ಸಣ್ಣ ವೆಂಕಟರಮಣನ ಗುಡಿ. ಹೊರಗೆ ತುಂತುರು, ಒಳಗೆ ಕಾಲಿಡಲು ಜಾಗವಿಲ್ಲ. ಮುಖಮಂಟಪದ ತೊಲೆಯಿಂದ ಸರಪಳಿಯಲ್ಲಿ ಇಳಿಬಿಟ್ಟ ದೊಡ್ಡ ತಕ್ಕಡಿ. ನಾನು ಒಂದು ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಹಾಗೆ ಕೂತು ಹದಿನೈದು ವರ್ಷವಾಗಿತ್ತು. ನಮ್ಮ ಮನೆಯವರು ಇನ್ನೊಂದು ತಟ್ಟೆಗೆ ಬೆಲ್ಲ ಜೋಡಿಸಿದರು. ಎಂಬತ್ತು, ಎಂಬತ್ತೆರಡು, ಎಂಬತ್ತನಾಲ್ಕು. ತಟ್ಟೆಗಳು ಸಮವಾಗಿ ನಿಂತವು. ಅರ್ಚಕರು ಮಂಗಳಾರತಿಗೆ ಕೈ ಹಾಕಿದರು.

"ನಿಲ್ಲಿ ಸ್ವಾಮಿ" ಅಂದಳು ಅಮ್ಮ. "ಇನ್ನೂ ಇದೆ. ಆ ಚೀಲ ಪೂರ್ತಿ ಹಾಕ್ಬೇಕು."

"ಸಮ ಆಯ್ತಲ್ಲ ತಾಯಿ, ಸಾಕು."

"ಸಾಕಾಗಲ್ಲ. ಹರಕೆ ಹೊತ್ತಾಗ ಇವಳು ನೂರಾ ಹದಿನೆಂಟು ಕೆಜಿ ಇನ್ನೂರು ಗ್ರಾಂ ಇದ್ಲು!"

ಗುಡಿಯೆಲ್ಲ ಕೇಳಿಸಿತು. ಏಳು ತಿಂಗಳು ನಾನು ಯಾವ ಅಂಕಿಗೆ ಹೆದರಿ ಓಡಿದ್ದೆನೋ ಅದನ್ನು ನನ್ನ ಹೆತ್ತಮ್ಮ ದೇವರ ಮುಂದೆ ನಿಂತು ಗ್ರಾಮಿನ ಸಮೇತ ಕೂಗಿದ್ದಳು. ಸಾಲಿನಲ್ಲಿದ್ದ ಒಬ್ಬ ಅಜ್ಜಿ, "ಅಬ್ಬಾ, ಎಷ್ಟ್ ಇಳಿದವ್ಳೆ ನೋಡು ಮಗಳು!" ಅಂದರು. ಅಷ್ಟೇ. ಬೇರೇನೂ ಆಗಲಿಲ್ಲ. ಭೂಮಿಯೂ ಬಾಯಿಬಿಡಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಉಳಿದ ಬೆಲ್ಲವನ್ನೂ ಹಾಕಿದರು. ನಾನು ಕೂತ ತಟ್ಟೆ ಸೊಯ್ಯನೆ ಮೇಲೆದ್ದಿತು. ಸರಪಳಿ ಗಟ್ಟಿಯಾಗಿ ಹಿಡಿದುಕೊಂಡೆ. ಈಗ ಅರ್ಚಕರಿಗೆ ಪೇಚಾಟ. "ಸಮ ಆಗ್ದೆ ಇಳಿಸೋ ಹಾಗಿಲ್ಲಮ್ಮ. ಯಾರಾದ್ರೂ ಜೊತೆಗೆ ಕೂತ್ಕೋಬೇಕು."

ನಮ್ಮ ಮನೆಯವರು ಮುಂದೆ ಬಂದರು. ಅಮ್ಮ ಕೈ ಅಡ್ಡ ಹಿಡಿದಳು. "ನೀವ್ ಕೂತ್ರೆ ಇನ್ನೊಂದ್ ಟೆಂಪೋ ಬೆಲ್ಲ ತರಿಸ್ಬೇಕು. ಸರೀರಿ ಆ ಕಡೆ."

ತಾನೇ ಸೀರೆ ಎತ್ತಿ ಕಟ್ಟಿಕೊಂಡಳು. ನಮ್ಮ ಮನೆಯವರು ತಟ್ಟೆಯನ್ನು ಕೆಳಗೆ ಒತ್ತಿ ಹಿಡಿದರು. ಅರ್ಚಕರು ಕೈ ಕೊಟ್ಟರು. ಅಮ್ಮ ಹತ್ತಿ ನನ್ನ ಮಡಿಲಲ್ಲಿ ಕೂತಳು. ಅವಳಿಗೂ ನಗು. ಜನಕ್ಕೂ ನಗು. ತಟ್ಟೆ ನಿಧಾನವಾಗಿ ಇಳಿಯಿತು, ಸಮಕ್ಕೆ ಬಂತು, ನಮ್ಮ ಕಡೆಗೆ ಚೂರೇ ಚೂರು ವಾಲಿತು. ಅರ್ಚಕರು ಬೆಲ್ಲದ ಮೇಲೆ ಎರಡು ಚಿಪ್ಪು ಬಾಳೆಹಣ್ಣು, ಎರಡು ತೆಂಗಿನಕಾಯಿ ಇಟ್ಟರು. ಸಮವಾಯಿತು. ಗಂಟೆ ಬಾರಿಸಿದರು.

ಏಳು ತಿಂಗಳು ಗ್ರಾಂ ಗ್ರಾಂ ಲೆಕ್ಕ ಹಾಕಿದ ತಲೆ ನೋಡಿ, ಸುಮ್ಮನಿರುತ್ತದಾ? ಮಂಗಳಾರತಿ ನಡೆಯುತ್ತಿದ್ದರೆ ಅದು ತನ್ನ ಪಾಡಿಗೆ ಕೂಡಿಸಿ ಕಳೆಯುತ್ತಿತ್ತು. ನೂರಾ ಹದಿನೆಂಟರಲ್ಲಿ ಎಂಬತ್ತನಾಲ್ಕು ಹೋದರೆ ಮೂವತ್ತನಾಲ್ಕು. ಹಣ್ಣು ಕಾಯಿ ಎಲ್ಲ ಸೇರಿ ನಾಲ್ಕು ಕೆಜಿ ಇಟ್ಟುಕೊಳ್ಳಿ. ಮೂವತ್ತೆಂಟು.

ಅಮ್ಮ ಮೂವತ್ತೆಂಟು ಕೆಜಿ.

ಆಸ್ಪತ್ರೆಯಲ್ಲಿ ನರ್ಸಿನ ಮುಂದೆ ಐವತ್ತೆರಡು ಇದ್ದವಳು. ಇಬ್ಬರು ನಿನ್ನೊಳಗೆ ವಾಸ ಮಾಡಬಹುದು ಅಂದವಳು. ನನ್ನ ಕೈ ಅವಳ ಸೊಂಟದ ಸುತ್ತ ಇತ್ತು. ಅಲ್ಲಿ ಬರೀ ಮೂಳೆ ಸಿಕ್ಕಿತು. ಬಳೆ, ಪಿನ್ನು, ಎದುರು ಮನೆಯ ಆಂಟಿ, ರಾತ್ರಿ ಮೂರು ಮೂರು ಸಲ ಬಚ್ಚಲಿಗೆ ಎದ್ದು ಹೋಗುತ್ತಿದ್ದದ್ದು, ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಒಂದೇ ಮನೆ, ಒಂದೇ ಬಚ್ಚಲು, ಒಂದೇ ಊಟದ ಹೊತ್ತು. ಅವಳು ಹದಿನಾಲ್ಕು ಕೆಜಿ ಇಳಿದಿದ್ದಳು. ಒಬ್ಬರೂ ಬರೆದಿಟ್ಟಿರಲಿಲ್ಲ.

"ಅಮ್ಮಾ, ನೀನ್ ಊಟ ಮಾಡ್ತಿಲ್ವಾ?" ಅಂತ ಕಿವಿಯಲ್ಲಿ ಕೇಳಿದೆ.

"ನೀನ್ ನಾಲ್ಕು ಚಮಚಕ್ಕೆ ಎದ್ರೆ ನನ್ ಗಂಟಲಲ್ಲಿ ಏನ್ ಇಳಿಯತ್ತೆ? ಸುಮ್ನಿರು, ಆರತಿ ತಗೋ."

ಸೋಮವಾರ ನನ್ನನ್ನಲ್ಲ, ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಆಕಾಶಕ್ಕೇರಿತ್ತು. ಮಾತ್ರೆ ಕೆಲಸ ಮಾಡುವುದನ್ನು ಯಾವಾಗಲೋ ನಿಲ್ಲಿಸಿತ್ತು. ಇನ್ಸುಲಿನ್ ಶುರುವಾಯಿತು. ಚುಚ್ಚುವುದು ನನ್ನ ಕೆಲಸವಾಯಿತು. "ಹೊಟ್ಟೆಗೇ ಚುಚ್ಬೇಕಾ? ಸೇಡು ತೀರಿಸ್ಕೋತಿದೀಯ" ಅನ್ನುತ್ತಿದ್ದಳು. ಅವತ್ತಿನಿಂದ ಶುಕ್ರವಾರ ಶೆಟ್ಟರ ಅರ್ಧ ಶಟರಿನ ಅಡಿ ಇಬ್ಬರೂ ಬಗ್ಗಿ ಹೋದೆವು. ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಾಲು. ಒಂದು ಇಳಿಯಬೇಕಾದದ್ದು, ಒಂದು ಏರಬೇಕಾದದ್ದು. ಶೆಟ್ಟರು ಎರಡನ್ನೂ ಕೂಗುತ್ತಿದ್ದರು. ಅಮ್ಮ ನಲವತ್ತು ದಾಟಿದ ದಿನ ನಾನು ಚಪ್ಪಾಳೆ ತಟ್ಟಿದೆ. ನಲವತ್ನಾಲ್ಕರವರೆಗೂ ಬಂದಳು. ಆಮೇಲೆ ಎರಡೂವರೆ ವರ್ಷ ಇದ್ದಳು. ಜಗಳ ಆಡಿಕೊಂಡು, ಚೆನ್ನಾಗಿಯೇ ಇದ್ದಳು.

ನಾನು ಎಪ್ಪತ್ತೈದು ಆಗಲೇ ಇಲ್ಲ. ಎಪ್ಪತ್ತೊಂಬತ್ತಕ್ಕೆ ನಿಂತೆ. ಅದೂ ಸಾಕಾಯಿತು. ಅಮ್ಮ ಹೋದ ಮೇಲೆ ಶುಕ್ರವಾರ ತಪ್ಪಿತು. ಒಬ್ಬಳೇ ಬಗ್ಗಿ ಒಳಗೆ ಹೋಗುವುದಕ್ಕೆ ಮನಸ್ಸು ಬರಲಿಲ್ಲ.

ಕಳೆದ ವಾರ ಬೆಲ್ಲದ ವಾಸನೆ ಕುಡಿಯುತ್ತ ನಿಂತಿದ್ದವಳನ್ನು ಶೆಟ್ಟರು ನೋಡಿದರು. ತಲೆ ಪೂರ್ತಿ ಬೆಳ್ಳಗಾಗಿದೆ. ತಕ್ಕಡಿಯ ಮೇಲಿದ್ದ ಮೂಟೆ ಎತ್ತಿಸಿ, ಗೋಣಿಯಲ್ಲಿ ಒರೆಸಿ, ಕೆಂಪು ಅಂಕಿಯ ಪೆಟ್ಟಿಗೆಯನ್ನು ಗೋಡೆಯ ಕಡೆ ತಿರುಗಿಸಿದರು.

"ಹತ್ತಮ್ಮ. ನೋಡೇಬಿಡಣ."

"ಬೀದಿ ಕಡೆನೇ ಇರ್ಲಿ ಶೆಟ್ರೇ" ಅಂದೆ. ಚಪ್ಪಲಿ ಬಿಟ್ಟು ಹತ್ತಿದೆ. ಬಳೆ, ವಾಚು, ಕಾಲುಂಗುರ ಎಲ್ಲ ಇತ್ತು.

"ಎಂಬತ್ತೈದೂ ನೂರು!" ಅಂತ ಕೂಗಿದರು. ಆಮೇಲೆ ದನಿ ತಗ್ಗಿಸಿದರು. "ಆರು ಏರಿದೀರಲ್ಲಮ್ಮ. ಅವ್ರು ಇದ್ದಿದ್ರೆ ನಾಳೆ ಬೆಳಿಗ್ಗೇನೇ ಆರು ಕೆಜಿ ಬೆಲ್ಲ ತಂದು ವಾಪಸ್ ಕೊಡೋರು."

ತಕ್ಕಡಿಯಿಂದ ಇಳಿದು ಚಪ್ಪಲಿ ಹಾಕಿಕೊಂಡೆ. ನ್ಯಾಯವಾಗಿ ವಾಪಸ್ ಕೊಡೋಣ ಅಂದರೆ ಅಮ್ಮನ ಬೆಲ್ಲವೆಲ್ಲ ಅವತ್ತೇ ದೇವರಿಗೆ ಸೇರಿತ್ತು, ನನ್ನ ಹತ್ತಿರ ಏನೂ ಇರಲಿಲ್ಲ. ಮುಂದಿನ ಶುಕ್ರವಾರ ಆರೂಮುಕ್ಕಾಲಿಗೆ ಬರುತ್ತೇನೆ ಅಂತ ಹೇಳಿ ಬಂದೆ.

ಈಗ ನಿಮ್ಮ ಸರದಿ. ಆಪರೇಷನ್ ಮಾಡಿಸಿಕೊಂಡವರಿದ್ದರೆ ಬರೆಯಿರಿ. ಇಳಿದದ್ದನ್ನು ಯಾವುದರಿಂದ ಅಳೆದಿರಿ? ಬ್ಲೌಸಿನ ಹೊಲಿಗೆಯಾ, ಬಸ್ಸಿನ ಸೀಟಾ, ಮಗುವನ್ನು ಎತ್ತಿಕೊಂಡು ಹತ್ತಿದ ಮೆಟ್ಟಿಲಾ? ತೂಕ ಮತ್ತೆ ಏರಿದ್ದರೆ ಅದನ್ನೂ ಬರೆಯಿರಿ, ಇಲ್ಲಿ ಯಾರೂ ನಗುವುದಿಲ್ಲ. ಆದರೆ ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ನಿಮಗೆ ಅಡುಗೆ ಮಾಡಿ ಹಾಕುವವರು ಯಾರಿದ್ದಾರೋ ಅವರನ್ನು ಒಮ್ಮೆ ಕೈ ಹಿಡಿದು ತಕ್ಕಡಿ ಹತ್ತಿಸಿ. ಆ ಅಂಕಿಯನ್ನೂ ಕೆಳಗೆ ಬರೆಯಿರಿ. ನಾನು ಎಲ್ಲವನ್ನೂ ಓದುತ್ತೇನೆ.